ಚಳಿಗಾಲಕ್ಕೆ ಮಾತ್ರ ಬರುವವನು

ಚೊಂಯ್ ಎಂದಿತು ಎಣ್ಣೆ. ಅನಿಪಾ ಎರಡನೆಯ ತುಂಡು ಹಿಟ್ಟನ್ನು ಬಿಟ್ಟಳು. ಮತ್ತೆ ಚೊಂಯ್. ಗುರುವಾರ ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಬೇರೆ ಸದ್ದಿರುವುದಿಲ್ಲ. ರೇಡಿಯೋ ಹಚ್ಚುವುದಿಲ್ಲ, ನಲ್ಲಿ ಬಿಡುವುದಿಲ್ಲ, ಬಾಣಲೆಯ ಮೇಲೆ ಬಗ್ಗಿ ನಿಂತು ಒಂದೊಂದೇ ಬೋರ್ಸೋಕನ್ನು ಕೆಂಪಗೆ ಕರಿಯುತ್ತಾಳೆ. ಸತ್ತವರು ತಿನ್ನುವುದಿಲ್ಲ, ಮೂಸುತ್ತಾರೆ ಅಷ್ಟೆ. ಗುರುವಾರ ಅವರು ತಮ್ಮ ಮನೆಯ ಹೊಸ್ತಿಲವರೆಗೆ ಬರುತ್ತಾರೆ. ಕಾದ ಎಣ್ಣೆಯ ವಾಸನೆ ಇದ್ದರೆ ತುಂಬಿದ ಹೊಟ್ಟೆಯವರ ಹಾಗೆ ಹಿಂದಿರುಗುತ್ತಾರೆ, ಇಲ್ಲದಿದ್ದರೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಬೆಟ್ಟಗಳ ನಡುವಿನ ನಮ್ಮ ನಾರಿನ್ ಪೇಟೆಯಲ್ಲಿ ಇದನ್ನು ಯಾರೂ ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದಿಲ್ಲ, ಎಲ್ಲರಿಗೂ ತಾನಾಗಿ ಗೊತ್ತಿರುತ್ತದೆ.

ಅನಿಪಾ ಉಣ್ಣೆಯ ಹಾಸು ಮಾಡುವವಳು. ಕುರಿಯ ತುಪ್ಪಟವನ್ನು ಬಿಸಿನೀರಿನಲ್ಲಿ ನೆನೆಸಿ, ಚಾಪೆಯಲ್ಲಿ ಸುತ್ತಿ, ಮೊಣಕೈಯಿಂದ ಒತ್ತಿ ಒತ್ತಿ ಉರುಳಿಸಿ ಹದ ಮಾಡುವ ಕೆಲಸ. ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಜನ ಕೂರುವುದು ಅವಳ ಹಾಸಿನ ಮೇಲೆ. ಮೂವತ್ತು ವರ್ಷ ಬಿಸಿನೀರಿನಲ್ಲಿ ಅದ್ದಿ ತೆಗೆದ ಕೈಗಳು ಮಣಿಕಟ್ಟಿನವರೆಗೆ ಬೇಯಿಸಿದಂತೆ ಕೆಂಪಾಗಿವೆ. ಈಗ ಐವತ್ತೆಂಟು. ಮಕ್ಕಳಾಗಲಿಲ್ಲ. ಅವಳ ಗಂಡ ಕಿದಿರ್ ಜಾನುವಾರು ವೈದ್ಯನಾಗಿದ್ದ. ಆರು ಚಳಿಗಾಲಗಳ ಹಿಂದೆ ತೀರಿಕೊಂಡ.

ಕಿದಿರನ ಕಾರಿನ ವಿಷಯ ಹೇಳದೆ ಅನಿಪಾಳ ವಿಷಯ ಹೇಳಲಾಗದು. ಜಪಾನಿನಲ್ಲಿ ಯಾರೋ ಹತ್ತು ವರ್ಷ ಓಡಿಸಿ ಸಾಕೆಂದು ಬಿಟ್ಟದ್ದು ಅದು. ಸ್ಟೀರಿಂಗ್ ನಮ್ಮೂರ ಕಾರುಗಳಂತೆ ಎಡಗಡೆಯಲ್ಲ, ಬಲಗಡೆ, ಬಣ್ಣ ಮಾಸಿದ ಹಳದಿ, ಗಾತ್ರ ಹಿಡಿಯಷ್ಟು. ಕುದುರೆ, ಯಾಕ್‌ಗಳಿಗೆ ಮದ್ದು ಹಾಕುವ ಆರಡಿ ಆಳು ಅದರೊಳಗಿಂದ ಮಡಚಿಕೊಂಡು ಇಳಿಯುವಾಗ ಕುರಿಗಾಹಿಗಳು ಕಾಯ್ದುಕೊಂಡು ನಿಂತಿರುತ್ತಿದ್ದರು. ಅಣ್ಣನೆಂಬ ಮರ್ಯಾದೆಗೆ ‘ಅಕೆ’ ಎಂದು ಕರೆದೇ ಕೆಣಕುತ್ತಿದ್ದರು.

“ಕಿದಿರ್ ಅಕೆ, ನಿಮ್ಮ ಕೋಳಿಮರಿಗೆ ಪೆಟ್ರೋಲ್ ಹಾಕ್ತೀರೋ, ಕಾಳು ಹಾಕ್ತೀರೋ?”

“ನಿನ್ನ ಕುದುರೆಗಿಂತ ಕಮ್ಮಿ ತಿನ್ನತ್ತೆ, ನಿನ್ನ ಹೆಂಡ್ತಿಗಿಂತ ಬೇಗ ಎದ್ದೇಳತ್ತೆ. ನಿಂಗ್ಯಾಕೋ ಹೊಟ್ಟೆಕಿಚ್ಚು?” ಎನ್ನುತ್ತಿದ್ದ ಅವನು.

ಎದ್ದೇಳುತ್ತಿತ್ತು, ನಿಜ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ ಬಿದ್ದ ಬೆಳಗ್ಗೆ ಬೀದಿಯ ದೊಡ್ಡ ದೊಡ್ಡ ಕಾರುಗಳೆಲ್ಲ ಕಲ್ಲಾಗಿ ಕೂತಿರುತ್ತಿದ್ದವು. ಕೆಲವರು ಬ್ಯಾಟರಿ ಬಿಚ್ಚಿ ರಾತ್ರಿ ಒಲೆಯ ಪಕ್ಕ ಮಲಗಿಸುತ್ತಿದ್ದರು, ಕೆಲವರು ಎಂಜಿನ್ನಿನ ಕೆಳಗೆ ಬೆಂಕಿಯ ತಟ್ಟೆ ಇಡುತ್ತಿದ್ದರು. ಕೋಳಿಮರಿ ಮಾತ್ರ ಎರಡನೆಯ ಸಲ ಕೀಲಿ ತಿರುಗಿಸಿದರೆ ಕೆಮ್ಮಿ ಎದ್ದು ನಿಲ್ಲುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಅದು ಕಿದಿರನನ್ನು ದಾರಿಯಲ್ಲಿ ಒಮ್ಮೆಯೂ ಕೈಬಿಡಲಿಲ್ಲ. ಇದನ್ನು ಅವನು ಮದುವೆಮನೆಗಳಲ್ಲಿ ಎದ್ದು ನಿಂತು ಹೇಳುತ್ತಿದ್ದ. ಜನ ಬಟ್ಟಲು ಎತ್ತುತ್ತಿದ್ದರು.

ಅವನು ತೀರಿದ್ದೂ ಅದರೊಳಗೇ. ಜನವರಿ ತಿಂಗಳು, ಕಿಜಿಲ್-ಬೇಲ್ ಕಣಿವೆದಾರಿ ಹಿಮದಿಂದ ಮುಚ್ಚಿತ್ತು. ದಾರಿ ತೆಗೆಯುವ ಯಂತ್ರ ಬರುವವರೆಗೆ ಕಾಯೋಣವೆಂದು ಬದಿಗೆ ನಿಲ್ಲಿಸಿದ್ದಾನೆ. ಕಿಟಕಿ ಮುಚ್ಚಿ ಹೀಟರ್ ಹಾಕಿಕೊಂಡಿದ್ದಾನೆ. ಯಂತ್ರ ಬಂದಾಗ ಎಂಜಿನ್ ಓಡುತ್ತಲೇ ಇತ್ತು, ಕಿದಿರ್ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಹೃದಯ ನಿಂತಿದೆ ಎಂದರು ವೈದ್ಯರು. ಹೆಣದ ಮೈ ತೊಳೆದ ಗಂಡಸರು ಹೊರಗೆ ಬಂದು ಹೇಳಿದ್ದು ಬೇರೆ. ಕೆನ್ನೆ ಎಷ್ಟು ಕೆಂಪಗಿದೆ ಎಂದರೆ, ಈಗಷ್ಟೇ ಹಬೆಯ ಸ್ನಾನ ಮಾಡಿ ಬಂದವನ ಹಾಗಿದ್ದಾನೆ, ಪುಣ್ಯವಂತನ ಸಾವು ಎಂದರು. ಹೆಂಗಸರು ಅಳುವ ನಡುವೆ ಆ ಮಾತನ್ನು ಕೈಯಿಂದ ಕೈಗೆ ದಾಟಿಸಿದರು. ಅನಿಪಾಳಿಗೂ ಅದು ಬಂದು ತಲುಪಿತು. ಅವಳು ತೆಗೆದುಕೊಂಡಳು.

ಮಣ್ಣಿಗೆ ಒಯ್ಯುವ ಮುಂಚೆ ಮುಲ್ಲಾ ಅಂಗಳದಲ್ಲಿ ನಿಂತ ಜನರನ್ನು ಕೇಳುತ್ತಾರೆ: “ಇವನು ಎಂಥ ಮನುಷ್ಯನಾಗಿದ್ದ?” ಎಲ್ಲರೂ ಒಂದೇ ಉಸಿರಿಗೆ ಹೇಳಬೇಕು, “ಒಳ್ಳೆಯ ಮನುಷ್ಯನಾಗಿದ್ದ.” ಕುಡುಕನಿಗೂ ಇದೇ ಉತ್ತರ, ಕಳ್ಳನಿಗೂ ಇದೇ. ಆ ಮಾತು ಒಮ್ಮೆ ಹೊರಟ ಮೇಲೆ ಸತ್ತವನ ಬಗ್ಗೆ ಯಾರೂ ತಪ್ಪಾಡುವಂತಿಲ್ಲ. ಅವನ ಕುದುರೆ ಒದೆಯುವುದಿಲ್ಲ, ಅವನ ನಾಯಿ ಕಚ್ಚುವುದಿಲ್ಲ, ಅವನು ಕಟ್ಟಿದ ಗೋಡೆ ಬೀಳುವುದಿಲ್ಲ. ಬಿದ್ದರೂ ಬಿತ್ತೆಂದು ಹೇಳುವವರಿಲ್ಲ.

ವರ್ಷದ ಊಟ ಮುಗಿದ ಮೇಲೆ ಅನಿಪಾ ಕಾರನ್ನು ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಮಾಮಿತನಿಗೆ ಮಾರಿದಳು. ಕೀಲಿ ಕೈಗೆ ತೆಗೆದುಕೊಳ್ಳುವಾಗ ಅವನು ಅವಳನ್ನು ಅಕ್ಕನೆಂದು ಕರೆದು, ಕೊಳ್ಳುವವರೆಲ್ಲ ಕೇಳುವುದನ್ನೇ ಕೇಳಿದ, “ಕಾರು ಹೇಗಿತ್ತು, ಎಜೆ?”

ಅನಿಪಾಳ ಬಾಯಿ ತೆರೆಯಿತು. ಏನೋ ಹೇಳುವುದಿತ್ತು. ಆದರೆ ಅಂಗಳದ ಆ ಉತ್ತರ ಅಲ್ಲೇ ಬಾಗಿಲಲ್ಲಿ ನಿಂತಿತ್ತು, ಮೊದಲು ಅದೇ ಹೊರಗೆ ಬಂತು.

“ಒಳ್ಳೇದಿತ್ತು.”

*

ಮೊದಲ ಚಳಿಗಾಲದಲ್ಲಿ, ಒಂದು ಗುರುವಾರ, ಮಾಮಿತ್ ಟೋಪಿ ಕೈಯಲ್ಲಿ ಹಿಡಿದು ಬಂದ. ಚಹಾ ಕುಡಿದ. ಜಾಮ್ ನೆಕ್ಕಿದ. ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತ ಕೂತ.

“ಏನಪ್ಪಾ, ಕಾರು ಕೆಟ್ಟಿದೆಯಾ?”

“ಛೆ ಛೆ! ಕಾರು ಬಂಗಾರ. ಅದಲ್ಲ ಎಜೆ… ನಾನು ಭೌತಶಾಸ್ತ್ರದ ಮೇಷ್ಟ್ರು. ಶಾಲೇಲಿ ಯಾರಿಗೂ ಹೇಳ್ಬೇಡಿ. ನಿನ್ನೆ ಅಟ್-ಬಾಷಿಯಿಂದ ಬರ್ತಿದ್ದೆ. ಹಿಂದಿನ ಸೀಟಲ್ಲಿ ಯಾರೋ ಗುನುಗ್ತಾ ಇದ್ರು. ಕಿದಿರ್ ಅಕೆ ಸೂಜಿ ಹಾಕೋವಾಗ ಗುನುಗ್ತಿದ್ರಲ್ಲ, ಅದೇ.”

ಅನಿಪಾ ಚಹಾದ ಪಾತ್ರೆಯನ್ನು ಕೆಳಗಿಟ್ಟಳು.

“ಆಮೇಲೆ?”

“ತಲೆ ಭಾರ ಆಯ್ತು. ಎದೆ ಢವಢವ ಅಂತು. ಹೆಗಲ ಮೇಲೆ ಕೈಯಿಟ್ಟ ಹಾಗಾಯ್ತು. ನಿಲ್ಲಿಸಿ, ಇಳಿದು, ಹಿಮದಲ್ಲಿ ಐವತ್ತು ಹೆಜ್ಜೆ ನಡೆದೆ. ವಾಪಸ್ ಬಂದು ನೋಡಿದ್ರೆ ಯಾರೂ ಇಲ್ಲ.”

“ಹೆಗಲ ಮೇಲೆ ಯಾವ ಕೈ? ಎಡಗೈಯಾ?”

“ಎಡಗೈ ಅನ್ಸತ್ತೆ.”

“ಎಡಗೈಯೇ,” ಎಂದಳು ಅನಿಪಾ. ಕಿದಿರನ ಬಲಗೈಯ ಬೆರಳುಗಳನ್ನು ಹೋರಿಯೊಂದು ಎಂದೋ ತುಳಿದಿತ್ತು. ಅವಳ ಮುಖದಲ್ಲಿ ಬೆಳಕು ಏರುತ್ತಿದ್ದುದನ್ನು ಮೇಷ್ಟ್ರು ನೋಡಿದ. ಹೆದರಿಸಲು ಬಂದವನು ಹಬ್ಬದ ಸುದ್ದಿ ತಂದಂತಾಗಿತ್ತು. “ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ ನಮ್ಮವರು?”

ಮಾಮಿತ್ ಒಳ್ಳೆಯ ಹುಡುಗ. ಸುಳ್ಳು ಹೇಳಿದ. “ಕೇಳೋ ಹಾಗೇ ಇದ್ರು, ಎಜೆ.”

ಅಂದಿನಿಂದ ಗುರುವಾರದ ಎಣ್ಣೆಗೆ ಇನ್ನೊಂದು ಹುರುಪು ಬಂತು. ಎರಡು ಚಳಿಗಾಲ ಮಾಮಿತ್ ಬಂದು ಸುದ್ದಿ ಹೇಳಿದ. ಆಮೇಲೆ ಮಾಂಸದಂಗಡಿಯ ಸಗಿನನಿಗೆ ಕಾರು ಹೋಯಿತು. ಮಾಮಿತ್ ಅವನಿಗೆ ಕೊಡುವಾಗ ಹೇಳಿದ್ದಿಷ್ಟೇ: “ಕಿದಿರ್ ಅಕೆ ಕಾರು. ಒಳ್ಳೆ ಕಾರು.” ಸಗಿನ್ ಏನನ್ನೂ ನಂಬದ, ದೊಡ್ಡ ನಗುವಿನ ಮನುಷ್ಯ. ಡಿಸೆಂಬರಿನಲ್ಲಿ ಅವನೂ ಒಂದು ಕುರಿತೊಡೆ ಹಿಡಿದು ಬಂದು ಅನಿಪಾಳ ಮುಂದೆ ಕುಕ್ಕರಿಸಿ ಅತ್ತ.

“ಕನ್ನಡೀಲಿ ಕಂಡ್ರು ಎಜೆ. ನರಿ ಚರ್ಮದ ಟೋಪಿ ಹಾಕ್ಕೊಂಡು. ಅವರು ಬದುಕಿದ್ದಾಗ ನಾನು ಎಷ್ಟು ಆಡ್ಕೊಂಡಿದ್ದೆ!”

“ಸುಮ್ನಿರೋ. ಬೈದ್ರಾ?”

“ಇಲ್ಲ. ನೋಡ್ತಾ ಕೂತಿದ್ರು.”

“ಅವರು ಹಾಗೇ. ಬೈಯೋದು ನಾನು, ನೋಡೋದು ಅವರು.”

ಸಗಿನ್ ಕಣ್ಣೊರೆಸಿಕೊಂಡು ನಕ್ಕ. “ಕಾರು ಮಾತ್ರ ಸಿಂಹ ಎಜೆ. ಇವತ್ತಿನ ಚಳೀಲೂ ಒಂದೇ ಏಟಿಗೆ ಎದ್ದಿತು.”

ಬೇಸಿಗೆಯಲ್ಲಿ ಯಾರಿಗೂ ಕಿದಿರ್ ಕಾಣಿಸುತ್ತಿರಲಿಲ್ಲ. ಅನಿಪಾ ಅದಕ್ಕೂ ಒಂದು ಲೆಕ್ಕ ಕಂಡುಕೊಂಡಿದ್ದಳು. ಬೇಸಿಗೆಯಲ್ಲಿ ಕುರಿಮಂದೆಗಳು ಮೇಲಿನ ಹುಲ್ಲುಗಾವಲಿಗೆ ಹೋಗುತ್ತವೆ. ಬದುಕಿದ್ದಾಗಲೂ ಅವನು ಆ ನಾಲ್ಕು ತಿಂಗಳು ಮಂದೆಗಳ ಹಿಂದೆಯೇ ಇರುತ್ತಿದ್ದ, ಮನೆಗೆ ಬರುತ್ತಿರಲಿಲ್ಲ. ಸತ್ತ ಮೇಲೆ ಯಾಕೆ ಬರುತ್ತಾನೆ? ಅಕ್ಟೋಬರಿನಲ್ಲಿ ಜನ ಕಾರಿನ ಕಿಟಕಿ ಏರಿಸುವ ಹೊತ್ತಿಗೆ ಅವನೂ ಇಳಿದು ಬರುತ್ತಾನೆ. ಹೀಗೆ ಎಣಿಸಿಕೊಂಡು ಅವಳು ಬೇಸಿಗೆಯಲ್ಲಿ ಉಣ್ಣೆ ತೊಳೆದಳು, ಚಳಿಗಾಲದಲ್ಲಿ ಗಂಡನಿಗೆ ಕಾದಳು. ಬೀದಿಯವರು ಅವಳಿಗೆ ಪ್ರಾಯ ಮರಳಿದೆ ಎಂದು ಮಾತಾಡಿಕೊಂಡರು.

ಆದರೆ ಬಾಯಿ ತೆರೆದು ಹೇಳದೆ ಉಳಿದ ಮಾತೊಂದಿತ್ತಲ್ಲ.

ಕಿದಿರ್ ಸಾಯುವ ಮುಂಚಿನ ಶರತ್ಕಾಲದಲ್ಲಿ ಅವರಿಬ್ಬರೂ ಕೊಚ್ಕೋರಿಗೆ ಮದುವೆಗೆ ಹೋಗಿದ್ದರು. ಮುಂದಿನ ಸೀಟಿನಲ್ಲಿ ಮದುವೆಗೆ ಕೊಡುವ ಹಾಸಿನ ಸುರುಳಿ ಇದ್ದುದರಿಂದ ಅನಿಪಾ ಹಿಂದೆ ಕೂತಿದ್ದಳು. ಅರ್ಧ ದಾರಿಗೆ ತಲೆ ಸೀಳುವ ನೋವು ಶುರುವಾಯಿತು. ಸುಟ್ಟ ವಾಸನೆ. ಸೀಟಿನ ಕೆಳಗೆ ಕೈಯಾಡಿಸಿದರೆ ತಗಡು ಬಿಸ್ಕತ್ತಿನ ಹಾಗೆ ಪುಡಿಯಾಗಿ ಬಂತು. ಅಂಗೈಯಗಲದ ತೂತು, ಅದರ ಕೆಳಗೆ ಹೊಗೆಯ ಕೊಳವೆ.

“ರಸ್ತೆಗೆ ಚೆಲ್ಲೋ ಉಪ್ಪು ತಿಂದಿದೆ,” ಎಂದ ಕಿದಿರ್. “ವಸಂತದಲ್ಲಿ ಬೆಸುಗೆ ಹಾಕಿಸ್ತೀನಿ ಬಿಡು.”

ವಸಂತದವರೆಗೆ ಗಂಡ ಈ ವಾಸನೆ ಕುಡಿಯುವುದೇ? ಅನಿಪಾ ಮನೆಗೆ ಬಂದವಳೇ ಅತ್ಯುತ್ತಮ ಉಣ್ಣೆ ಆರಿಸಿ, ಎರಡು ಪದರ ಒತ್ತಿ, ಸೀಟಿನ ಕೆಳಗೆ ಕಚ್ಚಿ ಕೂರುವ ಅಳತೆಗೆ ಕತ್ತರಿಸಿ, ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿ ಹಾಸಿದಳು. ವಾಸನೆ ನಿಂತಿತು. ಕಿದಿರ್ ಖುಷಿಯಾಗಿ ಎಲ್ಲರಿಗೂ ತೋರಿಸಿದ. “ನನ್ನ ಹೆಂಡ್ತಿ ಉಣ್ಣೇಲಿ ಕಾರು ರಿಪೇರಿ ಮಾಡ್ತಾಳೆ. ಇನ್ನು ಬೆಸುಗೆ ಯಾಕೆ?” ಎಂದ.

ವಾಸನೆ ಮಾತ್ರ ನಿಂತಿತ್ತು, ಹೊಗೆಯಲ್ಲ.

ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದು ಸತ್ತವರ ಕೆನ್ನೆ ಕೆಂಪಾಗುತ್ತದೆಂದು ಅವಳು ಎಲ್ಲೋ ಕೇಳಿದ್ದಳು. ಆ ಹಾಸನ್ನೂ ಆ ಕೆಂಪು ಕೆನ್ನೆಯನ್ನೂ ಅನಿಪಾ ಒಂದೇ ಕೋಣೆಯಲ್ಲಿ ಕೂರಲು ಬಿಡಲಿಲ್ಲ. ಒಂದು ಒಳಗೆ ಬಂದರೆ ಇನ್ನೊಂದನ್ನು ಹೊರಗೆ ಕಳಿಸುತ್ತಿದ್ದಳು. ಆರು ವರ್ಷ ಹೀಗೆ ಎರಡು ಬಾಗಿಲ ನಡುವೆ ಓಡಾಡಿದಳು. ಉಣ್ಣೆ ಉರುಳಿಸುವಾಗ ಕೆಲವೊಮ್ಮೆ ಮೊಣಕೈ ಸುಮ್ಮನೆ ನಿಂತುಬಿಡುತ್ತಿತ್ತು. ಆಗ ಯಾರಾದರೂ ಬಂದು “ಕಿದಿರ್ ಅಕೆ ಕಂಡ್ರು” ಎಂದುಬಿಟ್ಟರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನು ಬರುತ್ತಾನೆ ಎಂದರೆ ಕೋಪವಿಲ್ಲ ಎಂದರ್ಥ. ಅವನು ಬರುತ್ತಾನೆ ಎಂದರೆ ಅದು ಹೊಗೆಯಲ್ಲ.

*

ಈ ಗುರುವಾರ ಬಾಣಲೆ ಇಳಿಸುವ ಹೊತ್ತಿಗೆ ಬಾಗಿಲು ತಟ್ಟಿದವನು ಅಪರಿಚಿತ. ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯ, ಮೀಸೆಯ ಮೇಲೆ ಮಂಜುಗಡ್ಡೆ. ಹೆಸರು ಎಲ್ದಾರ್, ಊರು ಬಾಲಿಕ್ಚಿ. ಶರತ್ಕಾಲದಲ್ಲಿ ಸಗಿನನಿಂದ ಕೋಳಿಮರಿಯನ್ನು ಕೊಂಡವನು ತಾನೇ ಎಂದ. ವಿಳಾಸ ಕೊಟ್ಟವನೂ ಸಗಿನನೇ.

“ಬಾ ಬಾಲಮ್, ಬಾ ನನ್ನ ಮಗು, ಬಾಗಿಲು ಹಾಕು, ಚಳಿ ಒಳಗೆ ಬರತ್ತೆ. ಎಣ್ಣೆ ವಾಸನೆ ಹಿಡ್ಕೊಂಡು ಬಂದೆಯೇನು?”

“ಎಜೆ, ವಾಸನೆ ಬೀದಿ ತುದೀಲೇ ಕುತ್ತಿಗೆಪಟ್ಟಿ ಹಿಡ್ಕೊಂಡಿತು.”

ಅವಳು ನಕ್ಕಳು. ಗೋಡೆಯ ಕಡೆಯ ಒಳ್ಳೆಯ ಜಾಗದಲ್ಲಿ ಕೂರಿಸಿದಳು, ಮತ್ತೆ ಮತ್ತೆ ಬಿಸಿಯಾಗಿ ತುಂಬಲೆಂದು ಬಟ್ಟಲಿಗೆ ಅರ್ಧವೇ ಚಹಾ ಬಗ್ಗಿಸಿ ಕೊಟ್ಟಳು, ಬಿಸಿ ಬೋರ್ಸೋಕನ್ನು ಊಟದ ಬಟ್ಟೆಯ ಮೇಲೆ ಸುರಿದಳು. ಅವನು ಒಂದನ್ನು ಮುರಿದ, ತಿನ್ನಲಿಲ್ಲ.

“ಕಾರು ಹೇಗಿದೆ?” ಎಂದಳು ಅನಿಪಾ. ಉತ್ತರ ಅವಳಿಗೆ ಗೊತ್ತಿತ್ತು. ಆದರೂ ಕೇಳಿದಳು.

“ಕಾರಿಗೇನು ಎಜೆ, ಕಲ್ಲುಗುಂಡು. ನಮ್ಮ ಭಾವನದು ಹೊಸಾದು, ವಾರಕ್ಕೊಂದು ಸಲ ಮೆಕ್ಯಾನಿಕ್ ಹತ್ರ ಸಂಸಾರ ಮಾಡತ್ತೆ. ಇದು ಒಂದು ದಿನ ಕೈಕೊಟ್ಟಿಲ್ಲ.” ಅವನು ಬೋರ್ಸೋಕಿನ ತುಂಡನ್ನು ಬೆರಳಲ್ಲಿ ಉರುಳಿಸಿದ. “ನಾನು ಬಂದಿದ್ದು ಬೇರೆ ವಿಷಯಕ್ಕೆ. ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ತಪ್ಪು ತಿಳ್ಕೋಬಾರ್ದು.”

“ಹೇಳು.”

“ನಿಮ್ಮ ಯಜಮಾನ್ರು ಅದರಲ್ಲಿದ್ದಾರೆ.”

ಅನಿಪಾ ತನ್ನ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. “ಕಂಡ್ರಾ?”

“ನಂಗೆ ಕಂಡಿಲ್ಲ. ನಾನು ಅವರನ್ನ ನೋಡಿದವನೂ ಅಲ್ಲ. ಮೇರಿಮ್‌ಗೆ, ನನ್ನ ಹೆಂಡ್ತಿಗೆ, ಪಕ್ಕದಲ್ಲಿ ಯಾರೋ ಉಸಿರಾಡಿದ ಹಾಗೆ ಕೇಳತ್ತಂತೆ. ತಲೆನೋವು, ವಾಂತಿ. ನಂಗೂ ಎಷ್ಟೋ ಸಲ ಕಣ್ಣು ಕತ್ತಲೆ ಬರತ್ತೆ. ಸಗಿನ್ ಅಕೆಗೆ ಫೋನ್ ಮಾಡಿ ಬೈದೆ. ಅವರು, ‘ಹೆದರ್ಬೇಡ ಕಣೋ, ಅದು ಕಿದಿರ್ ಅಕೆ ಆತ್ಮ, ಒಳ್ಳೆ ಮನುಷ್ಯ, ಯಾರಿಗೂ ಏನೂ ಮಾಡಲ್ಲ’ ಅಂದ್ರು.”

“ನಿಜ. ಏನೂ ಮಾಡಲ್ಲ.”

“ಇರ್ಲಿ ಎಜೆ, ದೊಡ್ಡವರಾದ್ರೆ ಸಹಿಸ್ಕೋತೀವಿ. ಆದ್ರೆ ಈಗ ಮನೇಲಿ ಮಗು ಹುಟ್ಟಿದೆ. ಹೆಣ್ಣು.” ಅವನು ತಲೆ ತಗ್ಗಿಸಿದ, ಗದ್ದ ಎದೆಗೆ ತಾಗುವಷ್ಟು. “ನಿಮ್ಮ ಮಾತು ಅವರು ಕೇಳ್ತಾರೆ. ಒಂದು ಸಲ ಎಣ್ಣೆ ಕಾಯಿಸಿ ಹೇಳಿ. ಇನ್ನು ಆ ಕಾರಿಗೆ ಬರ್ಬೇಡಿ, ಮನೆಗೇ ಬನ್ನಿ ಅಂತ ಹೇಳಿಬಿಡಿ. ನಾನು ಒಂದು ಕುರಿ ಕಡಿತೀನಿ. ಕಾಲಿಗೆ ಬೀಳ್ತೀನಿ.”

ಅನಿಪಾ ಬಟ್ಟಲನ್ನು ಕೆಳಗಿಟ್ಟಳು. ಎಷ್ಟು ಸುಲಭವಾಗಿ ಕೇಳಿದ್ದ ಹುಡುಗ! ಇನ್ನೊಂದು ಬಾಣಲೆ ಎಣ್ಣೆ, ನಾಲ್ಕು ಮಾತಿನ ಪ್ರಾರ್ಥನೆ, ಮುಖದ ಮೇಲಿಂದ ಇಳಿಸಿದ ಎರಡು ಅಂಗೈ. ಅವನು ನೆಮ್ಮದಿಯಾಗಿ ಹೋಗುತ್ತಾನೆ. ಬರುವ ತಿಂಗಳು ಇನ್ನೊಂದು ಸುದ್ದಿ ತರುತ್ತಾನೆ. ಕಿದಿರ್ ಒಳ್ಳೆಯವನಾಗಿಯೇ ಉಳಿಯುತ್ತಾನೆ, ಕಾರು ಒಳ್ಳೆಯದಾಗಿಯೇ ಉಳಿಯುತ್ತದೆ, ಅವಳ ಕೈಗಳು ಬರಿಯ ಕೈಗಳಾಗಿ ಉಳಿಯುತ್ತವೆ. ಇಲ್ಲವಾದರೆ ಈ ಬಟ್ಟೆಯ ಮೇಲೆ, ಈ ಬೋರ್ಸೋಕಿನ ನಡುವೆ, ಅವಳು ಆ ತೂತಿನ ಮಾತು ಇಡಬೇಕು. ಇಟ್ಟ ಮೇಲೆ ಯಾವ ಚಳಿಗಾಲಕ್ಕೂ ಕಿದಿರ್ ಬರುವುದಿಲ್ಲ. ಬಂದಿರಲೇ ಇಲ್ಲ.

“ಹಿಂದಿನ ಸೀಟಿನ ಕೆಳಗೆ…” ಎಂದಳು.

“ಹಾಂ, ಹಾಸಿದೆ. ನೀವೇ ಮಾಡಿದ್ದಂತೆ. ಎಂಥ ಕೆಲಸ ಎಜೆ! ಮೇರಿಮ್ ತೊಳೀಬೇಕು ಅಂತಿದ್ಲು, ನಾನು ಬೇಡ ಅಂದೆ. ಸತ್ತವರ ಮನೆ ವಸ್ತು, ಇದ್ದ ಜಾಗದಲ್ಲೇ ಇರ್ಲಿ.”

“ಒಳ್ಳೇದು,” ಎಂದಿತು ಅವಳ ಬಾಯಿ. ಬಾಯಿಗೆ ಅಭ್ಯಾಸವಾಗಿತ್ತು. ಅವಳು ಎದ್ದು ಒಲೆಯ ಬಳಿ ಹೋಗಿ ಬಾಣಲೆಯನ್ನು ಮತ್ತೆ ಬೆಂಕಿಯ ಮೇಲಿಟ್ಟಳು. ಎಲ್ದಾರನ ಮುಖ ಸಡಿಲವಾಯಿತು. ಅವನು ಮೊದಲ ಬಾರಿಗೆ ಚಹಾ ಗುಟುಕರಿಸಿದ.

“ಮಗೂಗೆ ಹೆಸರೇನು ಇಟ್ರಿ?” ಬೆನ್ನು ಹಾಕಿಕೊಂಡೇ ಕೇಳಿದಳು.

“ಇನ್ನೂ ಇಟ್ಟಿಲ್ಲ. ನಮ್ಮಜ್ಜಿ ಐಚುರೆಕ್ ಅಂತ ಕೂಗ್ತಾಳೆ. ನಂಗೆ ಬೇರೆ ಇಷ್ಟ. ಸ್ವಲ್ಪ ಕಾಮಾಲೆ ಅಂತ ಇಲ್ಲಿನ ಆಸ್ಪತ್ರೆಗೆ ತೋರಿಸೋಕೆ ಬಂದ್ವಿ. ಬಿಸಿಲು ಕಾಣಿಸಿ, ಹೋಗತ್ತೆ ಅಂದ್ರು. ಹಾಗೇ ನಿಮ್ಮನ್ನೂ ನೋಡ್ಕೊಂಡು ಹೋಗೋಣ ಅಂತ…”

“ಬಂದ್ವಿ ಅಂದ್ರೆ? ಅವರೆಲ್ಲಿ?”

“ಗೇಟಿನ ಹತ್ರ, ಕಾರಲ್ಲಿ.”

“ಒಳಗೆ ಯಾಕೆ ಕರ್ಕೊಂಡು ಬರ್ಲಿಲ್ಲ, ಕತ್ತೆ!”

“ಮಗೂಗೆ ನಲವತ್ತು ದಿನ ಆಗಿಲ್ವಲ್ಲ ಎಜೆ. ಪರರ ಮನೆ ಹೊಸ್ತಿಲು ದಾಟಿಸಬಾರ್ದು. ಅದೂ ಸಾವಾದ ಮನೆ… ಅಜ್ಜಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ. ನೀವೇನೂ ಯೋಚ್ನೆ ಮಾಡ್ಬೇಡಿ, ಬೆಚ್ಚಗಿದಾರೆ. ಎಂಜಿನ್ ಆರಿಸಿಲ್ಲ, ಹೀಟರ್ ಪೂರ್ತಿ ಹಾಕಿದೀನಿ, ಕಿಟಕಿ ಸಂದಿಗೂ ಬಟ್ಟೆ ಒತ್ತಿದೀನಿ. ಒಂದು ವಿಷಯ ಹೇಳ್ಬೇಕು, ಮನೇಲಿ ರಾತ್ರಿಯಿಡೀ ಕಿರುಚೋ ಮಗು, ಆ ಕಾರಲ್ಲಿ ಹಾಕಿದ್ರೆ ಸಾಕು, ಸದ್ದೇ ಇಲ್ಲ. ಮೇರಿಮ್ ಕೂಡ ಅಲ್ಲೇ ನಿದ್ದೆ ತೀರಿಸ್ಕೋತಾಳೆ. ಅದಕ್ಕೇ ನಾನು ಅಂದ್ಕೊಂಡೆ, ನಿಮ್ಮ ಯಜಮಾನ್ರಿಗೆ ಮಕ್ಕಳು ಅಂದ್ರೆ ಇಷ್ಟ ಇತ್ತೋ ಏನೋ…”

ಅನಿಪಾ ಬಾಣಲೆಯನ್ನು ನೆಲಕ್ಕಿಳಿಸಿದಳು.

“ಎಷ್ಟು ಹೊತ್ತಾಯ್ತು?”

“ಏನು?”

“ನೀನು ಒಳಗೆ ಬಂದು ಎಷ್ಟು ಹೊತ್ತಾಯ್ತು ಅಂದೆ!”

“ಕಾಲು ಗಂಟೆ… ಇಪ್ಪತ್ತು ನಿಮಿಷ ಇರ್ಬೋದು. ಯಾಕೆ ಎಜೆ? ನಾನು ಏನಾದ್ರೂ ತಪ್ಪು—”

“ಅದು ಒಳ್ಳೆ ಕಾರಲ್ಲ,” ಎಂದಳು ಅನಿಪಾ.

ಆರು ವರ್ಷದಲ್ಲಿ ಆ ಕಾರಿನ ಬಗ್ಗೆ ಯಾರೂ ಆಡದಿದ್ದ ಮಾತು ಅದು. ಹೇಳಿದ ಮೇಲೆ ಮನೆಯೊಳಗೆ ಏನೂ ಬೀಳಲಿಲ್ಲ. ಎಲ್ದಾರ್ ಬಟ್ಟಲು ಹಿಡಿದೇ ಬಾಯಿ ತೆರೆದು ನೋಡಿದ.

“ಅಂದ್ರೆ ಅವರು… ನಿಮ್ಮ ಯಜಮಾನ್ರು…”

“ಅದರಲ್ಲಿ ಅವರಿಲ್ಲ. ಯಾವತ್ತೂ ಇರ್ಲಿಲ್ಲ.”

“ಹಾಗಾದ್ರೆ ಸಗಿನ್ ಅಕೆ ಕನ್ನಡೀಲಿ ನೋಡಿದ್ದು? ನರಿ ಟೋಪಿ ಅಂತ ಆಣೆ ಮಾಡಿ ಹೇಳಿದ್ರು ಎಜೆ, ಅವರು ಸುಳ್ಳು ಹೇಳೋರಲ್ಲ, ನೀವೇ ಆಗ…”

ಅವಳು ಬಾಗಿಲು ತೆರೆದಾಗಿತ್ತು. ಕೋಟು ಮೊಳೆಯಲ್ಲೇ ಇತ್ತು, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಹಿಂದಿನಿಂದ ಅವನು ಇನ್ನೂ ಕೇಳುತ್ತಲೇ ಇದ್ದ, ಎಣ್ಣೆ ಕಾಯಿಸೋದಿಲ್ಲವೇ, ಪ್ರಾರ್ಥನೆ ಯಾವಾಗ ಎಂದು. ಅನಿಪಾ ತಿರುಗಲಿಲ್ಲ. ಮೊಣಕಾಲವರೆಗಿನ ಹಿಮದಲ್ಲಿ ದಾರಿ ಬಿಟ್ಟು ನೇರವಾಗಿ ಗೇಟಿನ ಕಡೆ ನಡೆದಳು.